ಒಬ್ಬರಿಗೆ ಒಂದೇ ಬೇಡ

ನಡುಮನೆಯ ನೆಲದ ಮೇಲೆ ಅಣ್ಣ ಹಳದಿ ಟೇಪ್ ಅಂಟಿಸಿ ಕಯಾಕಿನ ಆಕಾರ ಬರೆದಿದ್ದ. ಎರಡು ಬಾಯಿಯ ದೋಣಿ ಅದು, ಮುಂದೊಬ್ಬರು ಹಿಂದೊಬ್ಬರು ಕೂರುವಂಥದ್ದು. ನಿಜವಾದ ದೋಣಿ ಹಿತ್ತಲ ಶೆಡ್ಡಿನಲ್ಲಿ ತಲೆಕೆಳಗಾಗಿ ಮಲಗಿತ್ತು. ಮನೆಯೊಳಗೆ ಅದು ಹಿಡಿಸುವುದಿಲ್ಲ. ಹಾಗಾಗಿ ಕೆರೆಗೆ ಹೊರಡುವ ಮುಂಚೆ ಟೇಪಿನ ದೋಣಿಯೊಳಗೆ ಸಾಮಾನು ಜೋಡಿಸಿ ನೋಡುವುದು ನಮ್ಮಲ್ಲಿ ರೂಢಿ. ಡೇರೆ, ಒಲೆ, ಹಾಸಿಗೆ ಚೀಲ, ಗಾಳದ ಪೆಟ್ಟಿಗೆ, ಎಲ್ಲ ಗೆರೆಯೊಳಗೆ ಕೂರಬೇಕು. ಗೆರೆ ದಾಟಿದ್ದು ಮನೆಯಲ್ಲೇ ಉಳಿಯುತ್ತದೆ. ಆ ವಾರವೆಲ್ಲ ಅಮ್ಮ ಗೋಡೆ ಸವರಿಕೊಂಡು ಅಡುಗೆಮನೆಗೆ ಓಡಾಡುತ್ತಾಳೆ. ಗೊಣಗುತ್ತಾಳೆ, ಆದರೆ ಟೇಪ್ ಕೀಳು ಅನ್ನುವುದಿಲ್ಲ.

ಈ ಸಲ ಮುಂದಿನ ಬಾಯಿಯಲ್ಲಿ ಕೂರುವವಳು ಅಣ್ಣನ ಮಗಳು. ಎರಡನೇ ಕ್ಲಾಸು. ಒಂದು ಕಡೆ ನಿಂತವಳಲ್ಲ, ಅದಕ್ಕೇ ಎಲ್ಲರೂ ಚಿನಕುರುಳಿ ಅನ್ನುವುದು. ಅವತ್ತು ಸಂಜೆ ಅವಳು ಟೇಪಿನ ದೋಣಿಯ ಮುಂದೆ, ಅಣ್ಣ ಹಿಂದೆ, ಇಬ್ಬರ ಕೈಯಲ್ಲೂ ಹುಟ್ಟಿನ ಬದಲು ಪೊರಕೆ. ನಾನು ಬಾಗಿಲ ಹತ್ತಿರ ಕೂತು ಅವಳ ಲೈಫ್ ಜಾಕೆಟ್ಟಿನ ಪಟ್ಟಿ ಗಿಡ್ಡ ಮಾಡುತ್ತಿದ್ದೆ.

"ದ್ವೀಪದ ಹತ್ರ ಕಲ್ಲಿರುತ್ತೆ," ಅಣ್ಣ ಹೇಳುತ್ತಿದ್ದ. "ನಾನು ಎತ್ತು ಅಂದ ತಕ್ಷಣ ನೀನು ಹುಟ್ಟು ಎತ್ತಿ..."

ಮಾತು ಅಲ್ಲೇ ನಿಂತಿತು. ತಲೆ ಎತ್ತಿ ನೋಡಿದೆ. ಅಣ್ಣನ ಪೊರಕೆ ಗಾಳಿಯಲ್ಲಿತ್ತು. ಕಣ್ಣು ಕಿಟಕಿಯ ಕಡೆ ನೆಟ್ಟಿದ್ದವು, ಆದರೆ ಕಿಟಕಿಯನ್ನು ನೋಡುತ್ತಿರಲಿಲ್ಲ. ಬಾಯಲ್ಲಿ ಏನೂ ಇಲ್ಲದಿದ್ದರೂ ತುಟಿ ಮೆಲ್ಲಗೆ ಮೆಲುಕು ಹಾಕುತ್ತಿದ್ದವು. "ಅಣ್ಣ," ಎಂದೆ. ನನ್ನ ದನಿ ಯಾವತ್ತೂ ಸಣ್ಣದು. ಇನ್ನೊಂದು ಸಲ ಸ್ವಲ್ಪ ಜೋರಾಗಿ ಕರೆದೆ. ಪೊರಕೆ ಅವನ ಕೈಯಿಂದ ಜಾರಿ ಟೇಪಿನ ಮೇಲೆ ಬಿತ್ತು. ಆ ಸದ್ದಿಗೂ ಅವನು ಕಣ್ಣು ಮಿಟುಕಿಸಲಿಲ್ಲ.

ಚಿನಕುರುಳಿ ಹಿಂದಕ್ಕೆ ತಿರುಗಿ ನೋಡಿದಳು. "ನೋಡು ಗುಬ್ಬತ್ತೆ, ಅಪ್ಪ ಮತ್ತೆ ಸ್ಟ್ಯಾಚ್ಯೂ ಆದ," ಎಂದು ನಕ್ಕಳು.

ಮನೆಯಲ್ಲಿ ನನ್ನನ್ನು ಗುಬ್ಬಿ ಅನ್ನುತ್ತಾರೆ. ಅವಳ ಬಾಯಲ್ಲಿ ಅದು ಗುಬ್ಬತ್ತೆ. ಅದೇನೂ ಹೊಸದಲ್ಲ. ನನ್ನ ಎದೆಗೆ ತಾಕಿದ್ದು 'ಮತ್ತೆ' ಅನ್ನುವ ಮಾತು.

ಅಣ್ಣ ಉಸಿರೆಳೆದುಕೊಂಡ. ಕೆಳಗೆ ಬಿದ್ದ ಪೊರಕೆಯನ್ನು ಯಾರದೋ ವಸ್ತು ಅನ್ನುವ ಹಾಗೆ ನೋಡಿದ. "ಏನು ಹೇಳ್ತಿದ್ದೆ ನಾನು?" ಎಂದು ಕೇಳಿದ.

"ಎತ್ತು ಅಂತ," ಎಂದಳು ಮಗಳು.

ಕೆರೆ ಅನ್ನುವುದು ರೂಢಿಯ ಮಾತಷ್ಟೆ, ಈ ದಡದಿಂದ ಆ ದಡ ಕಾಣುವುದಿಲ್ಲ. ಅಪ್ಪ ಅದರ ಲಾಂಚ್‌ಗಳಲ್ಲಿ ಎಂಜಿನ್ ಮೆಕ್ಯಾನಿಕ್ ಆಗಿದ್ದರು. ರಜೆ ಸಿಕ್ಕರೆ ಎಂಜಿನ್ ಇಲ್ಲದ ದೋಣಿ ಬೇಕು ಅನ್ನುತ್ತಿದ್ದರು. ಜೊಂಡಿನ ದಡ ಹಿಡಿದು ಹೋಗಿ ಒಂದು ರಾತ್ರಿ ಮರಳಿನ ಕೊಲ್ಲಿಯಲ್ಲಿ, ಆಮೇಲೆ ನಡುನೀರು ದಾಟಿ ದ್ವೀಪದಲ್ಲಿ ಡೇರೆ, ಬೆಳಗ್ಗೆ ಸಂಜೆ ಗಾಳ. ಅವರು ತೀರಿಹೋದ ಮೇಲೆ ದೋಣಿಗಳು ಶೆಡ್ಡಿನಿಂದ ಹೊರಗೆ ಬಂದಿರಲಿಲ್ಲ. ಈ ವರ್ಷ ಅಣ್ಣ ಪ್ರೆಸ್ಸಿನಲ್ಲಿ ರಜೆ ಗಿಟ್ಟಿಸಿಕೊಂಡಿದ್ದ. ಎರಡು ಬಾಯಿಯ ದೋಣಿಯಲ್ಲಿ ಅವನೂ ಮಗಳೂ, ಒಂಟಿ ದೋಣಿಗಳಲ್ಲಿ ಅತ್ತಿಗೆ ಮತ್ತು ನಾನು. ದಡದಲ್ಲಿ ಎಂದಿನ ಹಾಗೆ ಅಮ್ಮ.

ಅಪ್ಪ ಬಿಟ್ಟುಹೋದ ಇನ್ನೊಂದು ರೂಢಿಯನ್ನೂ ಹೇಳಬೇಕು. ಹೊರಡುವ ಹಿಂದಿನ ಭಾನುವಾರ ನಕ್ಷೆ ಹಾಸಿ ಎಲ್ಲರೂ ಸುತ್ತ ಕೂರುತ್ತೇವೆ. ದೊಡ್ಡವರಿಂದ ಶುರುವಾಗಿ ಚಿಕ್ಕವರವರೆಗೆ ಒಬ್ಬೊಬ್ಬರೂ ಒಂದು 'ಬೇಡ' ಹೇಳಬೇಕು. ಅಂದರೆ, ಈ ಪ್ರಯಾಣ ಬೇಡ ಅನ್ನುವುದಕ್ಕೆ ಒಂದು ಕಾರಣ. ಪ್ರತಿಯೊಂದು ಬೇಡಕ್ಕೂ ಉತ್ತರ ಸಿಕ್ಕರೆ ಮಾತ್ರ ಹೊರಡುವುದು. ಒಬ್ಬರಿಗೆ ಒಂದೇ ಬೇಡ. ಭಾನುವಾರಕ್ಕೆ ಮುಂಚೆ ಯಾರೂ ಬಾಯಿ ಬಿಡುವ ಹಾಗಿಲ್ಲ. "ಹುಟ್ಟೋ ಮುಂಚೆನೇ ಕತ್ತು ಹಿಸುಕ್ಬೇಡಿ," ಅನ್ನುತ್ತಿದ್ದರು ಅಪ್ಪ. "ಭಾನುವಾರ ಹೊಟ್ಟೇಲಿರೋದನ್ನ ಕಕ್ಕಿಬಿಡಿ. ನೀರಿಗೆ ಇಳಿದ್ಮೇಲೆ ಯಾರೂ ಕೇಳಿಸ್ಕೊಳ್ಳಲ್ಲ."

ನನ್ನ ಬೇಡ ಯಾವಾಗಲೂ ಒಂದೇ, ಸೊಳ್ಳೆ. ಎಲ್ಲರ ಕಣ್ಣು ಒಟ್ಟಿಗೆ ನನ್ನ ಮೇಲೆ ಬಿದ್ದರೆ ನನಗೆ ನಾಲಿಗೆ ಹೊರಳುವುದಿಲ್ಲ. ಶಾಲೆ ಬಿಟ್ಟಿದ್ದೂ ಹೆಚ್ಚುಕಡಿಮೆ ಅದಕ್ಕೇ. ಮೊದಲ ವರ್ಷ ಬಾಯಿಗೆ ಬಂದದ್ದು ಸೊಳ್ಳೆ. ಎಲ್ಲರೂ ನಕ್ಕರು, ಅಪ್ಪ "ಬತ್ತಿ ಇಟ್ಕೊಂಡಿದೀವಿ" ಅಂದರು, ನಾನು ಬಚಾವಾದೆ. ಆಮೇಲೆ ಅದೇ ಖಾಯಂ ಆಯಿತು.

ಮಾರನೆಯ ದಿನ ಅಣ್ಣ ಶೆಡ್ಡಿನಲ್ಲಿ ದೋಣಿಯ ಹೊಟ್ಟೆಗೆ ಮೇಣ ಉಜ್ಜುತ್ತಿದ್ದ. ಟೀ ಲೋಟ ಕೊಡುವ ನೆಪ ಮಾಡಿಕೊಂಡು ಹೋದೆ.

"ಅಣ್ಣ, ನಿನ್ನೆ ಟೇಪಿನ ಮೇಲೆ ಕೂತಿದ್ದಾಗ..." ಎಂದೆ.

"ಕೂತಿದ್ದಾಗ?"

"ನೀನು ಇರ್ಲಿಲ್ಲ."

ಅವನು ನಕ್ಕ. "ಇರ್ಲಿಲ್ಲ ಅಂದ್ರೆ? ಪೇಟೆಗೆ ಹೋಗಿದ್ನಾ?"

"ಕಣ್ಣು ಬಿಟ್ಕೊಂಡೇ ಇದ್ದೆ. ಕರೆದ್ರೂ ಕೇಳ್ಲಿಲ್ಲ. ಮಗು 'ಮತ್ತೆ' ಅಂದ್ಲು."

ಮೇಣದ ಬಟ್ಟೆ ನಿಂತಿತು. ಅವನ ಮುಖವನ್ನೇ ನೋಡಿದೆ, ತುಟಿಯನ್ನು ನೋಡಿದೆ.

"ಹಾಗೆ ನೋಡ್ಬೇಡ. ಇಲ್ಲೇ ಇದೀನಿ," ಎಂದ. ಟೀ ಕುಡಿಯದೆ ಲೋಟವನ್ನು ದೋಣಿಯ ಮೇಲಿಟ್ಟ. ಶೆಡ್ಡಿನ ಬಾಗಿಲ ಕಡೆ ಒಮ್ಮೆ ಕಣ್ಣು ಹಾಯಿಸಿದ. "ಪ್ರೆಸ್ಸಲ್ಲೂ ಆಗಿದೆ ಅನ್ಸುತ್ತೆ. ಹಾಳೆ ಕತ್ತರಿಸ್ತಾ ಇದ್ದೆ. ನೋಡಿದ್ರೆ ಒಂದು ಕಟ್ಟು ಪೂರ್ತಿ ಓರೆ. ನಾನು ಯಾವಾಗ ಗುಂಡಿ ಒತ್ತಿದೆ ಅಂತಾನೇ ನೆನಪಿಲ್ಲ. ಮೇಲಿನವರು ಬ್ಲೇಡು ಸಡಿಲ ಆಗಿರ್ಬೇಕು ಅಂದ್ರು. ನಾನೂ ಹೌದು ಅಂದೆ."

"ಡಾಕ್ಟರ್‌ಗೆ ತೋರ್ಸು."

"ತೋರಿಸ್ದೆ ಅಂತಿಟ್ಕೋ. ಮೊದಲು ಮೆಷಿನ್ನಿಂದ ಎಬ್ಬಿಸ್ತಾರೆ. ಆಮೇಲೆ ಬೈಕ್ ಮುಟ್ಬೇಡ ಅಂತಾರೆ. ಆಮೇಲೆ ನೀರಿನ ಹತ್ರ ಹೋಗ್ಬೇಡ ಅಂತಾರೆ. ಕುರ್ಚಿಲಿ ಕೂರಿಸಿ ಕಂಬಳಿ ಹೊದಿಸಿ ಬಿಡ್ತಾರೆ, ಅಷ್ಟೆ." ಮತ್ತೆ ಬಟ್ಟೆ ಕೈಗೆತ್ತಿಕೊಂಡ. "ದ್ವೀಪದಿಂದ ಬಂದ ಮಾರನೇ ದಿನ ಡಾಕ್ಟರ್ ಹತ್ರ ಹೋಗ್ತೀನಿ. ಮಗುಗೆ ಮಾತು ಕೊಟ್ಟಿದೀನಿ. ಅಪ್ಪ ಡೇರೆ ಹಾಕ್ತಿದ್ದ ಜಾಗ ತೋರಿಸ್ಬೇಕು. ಇದೊಂದು ಸಲ."

ನಾನು ಲೋಟವನ್ನೇ ನೋಡುತ್ತಿದ್ದೆ.

"ಭಾನುವಾರ ನಿಂದು ಸೊಳ್ಳೆನೇ ಇರ್ಲಿ ಗುಬ್ಬಿ. ಆಯ್ತಾ?"

ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಾನು ಸುಮ್ಮನಿದ್ದರೆ ಎಲ್ಲರೂ ಅದನ್ನು ಹೂಂ ಎಂದೇ ತಿಳಿದುಕೊಳ್ಳುತ್ತಾರೆ. ಅಣ್ಣನೂ ಹಾಗೇ ತಿಳಿದುಕೊಂಡು ಟೀ ಕುಡಿದ.

ನಾನು ಕೆಲಸ ಮಾಡುವುದು ಟಾರ್ಪಾಲು ಹೊಲಿಯುವ ಅಂಗಡಿಯಲ್ಲಿ. ಲಾರಿಯ ಹೊದಿಕೆ, ಅಂಗಡಿಯ ಮುಂದಿನ ನೆರಳಿನ ಬಟ್ಟೆ, ಹರಿದ ಡೇರೆ, ಇಂಥವೆಲ್ಲ ಬರುತ್ತವೆ. ಆ ವಾರ ಯಜಮಾನಿಯನ್ನು ಕೇಳಿ ನಮ್ಮ ದೋಣಿಯ ಸ್ಕರ್ಟುಗಳನ್ನೂ ಒಯ್ದಿದ್ದೆ. ಅಲೆ ಒಳಗೆ ನುಗ್ಗದ ಹಾಗೆ ದೋಣಿಯ ಬಾಯಿಗೂ ಕೂತವರ ಸೊಂಟಕ್ಕೂ ಸೇರಿಸಿ ಬಿಗಿಯುವ ರಬ್ಬರು ಬಟ್ಟೆ ಅದು. ಅಣ್ಣ ಅದನ್ನು ತೊಟ್ಟು ನಿಂತಾಗಲೆಲ್ಲ ಚಿನಕುರುಳಿ ನೆಲದ ಮೇಲೆ ಬಿದ್ದು ನಗುತ್ತಾಳೆ. ಸ್ಕರ್ಟಿನ ಮುಂದೆ ಒಂದು ಕೆಂಪು ಕುಣಿಕೆ ಇರುತ್ತದೆ. ದೋಣಿ ಮಗುಚಿದರೆ ಕೂತವರು ನೀರೊಳಗೆ ತಲೆಕೆಳಗಾಗಿರುತ್ತಾರೆ. ಆ ಕುಣಿಕೆ ಹಿಡಿದು ಎಳೆದರೆ ಬಟ್ಟೆ ಬಿಚ್ಚಿಕೊಳ್ಳುತ್ತದೆ, ಹೊರಗೆ ಬರಬಹುದು. ಎಳೆಯದಿದ್ದರೆ ಇಲ್ಲ.

ಅಣ್ಣನ ಸ್ಕರ್ಟಿನ ಕುಣಿಕೆ ಸವೆದಿತ್ತು. ಬಿಚ್ಚಿ ಹೊಸದು ಹಾಕಿದೆ. ಚಿಕ್ಕದಾಯಿತು ಅನ್ನಿಸಿತು. ಮತ್ತೆ ಬಿಚ್ಚಿ ಅಗಲದ ಪಟ್ಟಿಯಿಂದ ದೊಡ್ಡದು ಹೊಲಿದೆ. ಅದೂ ಸಾಲದು ಅನ್ನಿಸಿ ಇಡೀ ಮುಂಗೈ ಹೋಗುವಷ್ಟು ದೊಡ್ಡದು ಮಾಡಿದೆ. ಯಜಮಾನಿ ಬಂದು ಕನ್ನಡಕದ ಮೇಲಿಂದ ನೋಡಿದರು.

"ಏನೇ ಇದು? ದೋಣಿಗೆ ಹೊಲೀತಿದೀಯೋ, ಎಮ್ಮೆ ಕಟ್ಟೋಕೆ ಹಗ್ಗ ಮಾಡ್ತಿದೀಯೋ?"

ನಾನು ನಗಲು ನೋಡಿದೆ. ಅವರು ಹೋದ ಮೇಲೆ ಕುಣಿಕೆಯೊಳಗೆ ಕೈ ಹಾಕಿ, ಬೆರಳು ಸಡಿಲ ಬಿಟ್ಟೆ. ಕಿಟಕಿಯ ಕಡೆ ನೋಡುತ್ತ, ಏನನ್ನೂ ನೋಡದೆ ಕೂತೆ. ಕುಣಿಕೆ ಎಷ್ಟು ದೊಡ್ಡದಿದ್ದರೇನು, ಕೈ ತಾನಾಗಿ ಎಳೆಯಬೇಕು. ಹಿಂದೆ ಅಷ್ಟು ಭಾರ ನೇತಾಡುತ್ತಿರುವ ದೋಣಿಯನ್ನು ಎರಡನೇ ಕ್ಲಾಸಿನ ಮಗು ತಿರುಗಿಸಲಾರದು. ನಾನೂ ಅತ್ತಿಗೆಯೂ ಅಲೆಯಲ್ಲಿ ಒಂದೊಂದು ಕಡೆ ಇರುತ್ತೇವೆ. ಯಂತ್ರದ ಪೆಡಲಿನಿಂದ ಕಾಲು ತೆಗೆದೆ.

ಶನಿವಾರ ಚಿನಕುರುಳಿಗೆ ಲೈಫ್ ಜಾಕೆಟ್ ತೊಡಿಸಿ ಅಳತೆ ನೋಡುತ್ತಿದ್ದಾಗ ಅವಳು ನನ್ನ ಕಿವಿಗೆ ಬಾಯಿ ಹಚ್ಚಿದಳು. "ಗುಬ್ಬತ್ತೆ, ನಾಳೆ ನಂಗೂ ಒಂದು ಬೇಡ ಇದೆ. ಅಪ್ಪ ಹೇಳಿದಾನೆ, ದೋಣಿಲಿ ಕೂತವ್ರಿಗೆಲ್ಲ ಇದೆ ಅಂತ. ನಂದು ಏನು ಹೇಳ್ಲಾ?"

"ಭಾನುವಾರಕ್ಕೆ ಮುಂಚೆ ಹೇಳ್ಬಾರ್ದು."

"ಗುಟ್ಟಾಗಿ. ನೀರಲ್ಲಿ ಅಪ್ಪ ಸ್ಟ್ಯಾಚ್ಯೂ ಆಡಬಾರ್ದು. ನಾನು ಕರೆದ್ರೆ ಹೂಂ ಅನ್ಬೇಕು."

ಅವಳ ಪಟ್ಟಿ ಬಿಗಿಯುತ್ತಿದ್ದ ನನ್ನ ಕೈ ಹಗುರವಾಯಿತು. ಹೇಳುವವರು ಒಬ್ಬರಿದ್ದಾರೆ. ಮಗು ಹೇಳಿದರೆ ಸಾಕು, ಅತ್ತಿಗೆ ಏನು ಎತ್ತ ಎಂದು ಕೇಳೇ ಕೇಳುತ್ತಾರೆ. ನಾನು ಸೊಳ್ಳೆ ಎಂದು ಕೂತರಾಯಿತು. ಅವತ್ತು ರಾತ್ರಿ ಆ ವಾರದಲ್ಲೇ ಮೊದಲ ಸಲ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಊಟವಾದ ಮೇಲೆ ಟೇಪಿನ ದೋಣಿಯ ಪಕ್ಕದಲ್ಲಿ ನಕ್ಷೆ ಹಾಸಿದೆವು. ಸುರುಳಿ ಸುತ್ತಿಕೊಳ್ಳದ ಹಾಗೆ ನಾಲ್ಕು ಮೂಲೆಗೆ ಗಾಳದ ಪೆಟ್ಟಿಗೆ, ಒಲೆ, ಅಮ್ಮನ ಕನ್ನಡಕದ ಡಬ್ಬಿ, ಚಿನಕುರುಳಿಯ ಒಂದು ಚಪ್ಪಲಿ.

ಮೊದಲು ಅಮ್ಮ. ಅವಳು ಅಣ್ಣನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಕ್ಷೆ ನೋಡಿದಳು. "ಅಲ್ಲಿ ಫೋನು ಸಿಗಲ್ಲ. ಏನಾದ್ರೂ ಆದ್ರೆ ನಂಗೆ ಹೇಗೆ ಗೊತ್ತಾಗ್ಬೇಕು?"

"ದ್ವೀಪದ ದಿಬ್ಬದ ಮೇಲೆ ಸಿಗುತ್ತಮ್ಮ. ದಿನಾ ಸಂಜೆ ಹತ್ತಿ ಮಾತಾಡ್ತೀನಿ," ಎಂದ ಅಣ್ಣ.

ಅಮ್ಮ ಇನ್ನೇನೋ ಹೇಳಲು ಬಾಯಿ ತೆರೆದಳು. ಅವಳ ಬೇಡ ಮುಗಿದಿತ್ತು. ಬಾಯಿ ಮುಚ್ಚಿದಳು.

ಅಣ್ಣ ತನ್ನದು ಹೇಳಿದ. ಮಧ್ಯಾಹ್ನದ ಮೇಲೆ ನಡುನೀರಲ್ಲಿ ಗಾಳಿ ಏಳುತ್ತದೆ. ಉತ್ತರವನ್ನೂ ಅವನೇ ಕೊಟ್ಟ. ಬೆಳಕು ಹರಿಯುತ್ತಲೇ ಹೊರಟು ಬಿಸಿಲೇರುವ ಮುಂಚೆ ದಾಟುವುದು, ಗಾಳ ಹಾಕುವುದೇನಿದ್ದರೂ ದ್ವೀಪ ಮುಟ್ಟಿದ ಮೇಲೆ. ಅವನ ಬೆರಳು ನಕ್ಷೆಯ ಮೇಲೆ ಮರಳಿನ ಕೊಲ್ಲಿಯಿಂದ ದ್ವೀಪದವರೆಗೆ ಹೋಯಿತು. ಆ ನೀಲಿಯ ನಡುವೆ ಬೆರಳು ನಿಲ್ಲುತ್ತದೇನೋ ಎಂದು ನಾನು ಉಸಿರು ಹಿಡಿದು ನೋಡುತ್ತಿದ್ದೆ. ನಿಲ್ಲಲಿಲ್ಲ.

ಅತ್ತಿಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನಲ್ಲಿ ಕೂರುವವರು. ಉತ್ತರ ಬರುವವರೆಗೂ ಎದುರಿಗಿರುವವರ ಮುಖದಿಂದ ಕಣ್ಣು ತೆಗೆಯುವುದಿಲ್ಲ. ಅವರೂ ತಮ್ಮ ಸರದಿಗೆ ತಡಮಾಡಿದರು. "ನೀವು ಈಚೆಗೆ ಸರಿಯಾಗಿ ನಿದ್ದೆ ಮಾಡ್ತಿಲ್ಲ," ಎಂದರು. "ಒಂದೊಂದ್ಸಲ ಮಾತಾಡ್ತಾ ಮಾತಾಡ್ತಾ ಎಲ್ಲೋ ಹೋಗಿರ್ತೀರ."

"ಸರಿ ಹೋಯ್ತು. ರಾತ್ರಿಯೆಲ್ಲ ನಿನ್ನ ಗೊರಕೆ ಕೇಳ್ಕೊಂಡು ಯಾವನಿಗೆ ನಿದ್ದೆ ಬರುತ್ತೆ? ಅದಕ್ಕೇ ಎರಡು ಡೇರೆ ತಗೊಂಡಿರೋದು. ಅಲ್ಲಿ ಹಾಯಾಗಿ ಮಲಗ್ತೀನಿ."

ಚಿನಕುರುಳಿ ಕೇಕೆ ಹಾಕಿ ನಕ್ಕಳು. ಅಮ್ಮನೂ ತುಟಿ ಅಗಲಿಸಿದಳು. ಅತ್ತಿಗೆ ನಗಲಿಲ್ಲ. ಆದರೆ ಬೇಡಕ್ಕೆ ಉತ್ತರ ಬಂದಾಗಿತ್ತು. ಇನ್ನು ಅದರ ಬಗ್ಗೆ ಮಾತಿಲ್ಲ.

ಆಗ ನನಗೆ ಗೊತ್ತಾಯಿತು. ಮಗು ಹೇಳುತ್ತದೆ, ಅಣ್ಣ ಹೀಗೇ ನಗುತ್ತಾನೆ. 'ಆಯ್ತು ತಾಯಿ, ನೀರಲ್ಲಿ ಆಟ ಆಡಲ್ಲ' ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅದೇ ಉತ್ತರ. ಅಲ್ಲಿಗೆ ಎಲ್ಲ ಬೇಡಗಳೂ ತೀರುತ್ತವೆ, ನಕ್ಷೆ ಸುತ್ತಿ ಇಡುತ್ತೇವೆ, ಗುರುವಾರ ನೀರಿಗೆ ಇಳಿಯುತ್ತೇವೆ.

"ಗುಬ್ಬಿದು ಗೊತ್ತಲ್ಲ, ಸೊಳ್ಳೆ," ಅಣ್ಣ ಹೇಳಿದ. ನನ್ನ ಕಡೆ ನೋಡಲಿಲ್ಲ. "ಬತ್ತಿ ಇಟ್ಕೊಂಡಾಗಿದೆ. ಈಗ ನಮ್ಮ ಚಿನಕುರುಳಿ..."

"ಗುಬ್ಬಿದು ಗುಬ್ಬಿನೇ ಹೇಳ್ಲಿ," ಎಂದಳು ಅಮ್ಮ.

ಎಲ್ಲರ ಕಣ್ಣು ನನ್ನ ಮೇಲೆ ಬಿದ್ದವು. ನಾಲಿಗೆ ಮೇಲಂಗುಳಕ್ಕೆ ಅಂಟಿಕೊಂಡಿತು. ಸರದಿ ಮುಗಿಯುವವರೆಗೆ ಬೇರೆಯವರು ಮಾತಾಡುವ ಹಾಗಿಲ್ಲ. ಅದೂ ಅಪ್ಪನ ಕಟ್ಟಳೆಯೇ, ಬಹುಶಃ ನನಗಾಗಿಯೇ ಮಾಡಿದ್ದು. ಹಾಗಾಗಿ ಎಲ್ಲರೂ ಕಾದರು. ಪಕ್ಕದಲ್ಲಿ ಅಣ್ಣನ ಸ್ಕರ್ಟು ಮಡಿಸಿಟ್ಟಿತ್ತು. ಅದನ್ನು ಎಳೆದುಕೊಂಡು ನಕ್ಷೆಯ ಮೇಲೆ, ನೀಲಿಯ ಮೇಲೆ ಇಟ್ಟೆ. ಕೆಂಪು ಕುಣಿಕೆ ಮೇಲೆ ಬಂತು.

"ದೋಣಿ ಮಗುಚಿದ್ರೆ ಇದನ್ನ ಯಾರು ಎಳೀತಾರೆ?" ಎಂದೆ. ದನಿ ನನ್ನದಲ್ಲ ಅನ್ನಿಸಿತು.

"ನಾನೇ," ಎಂದ ಅಣ್ಣ. ಅವನ ಕಣ್ಣು ನನ್ನನ್ನು ಬೇಡಿಕೊಳ್ಳುತ್ತಿದ್ದವು.

"ಆಗ ನೀನು ಸ್ಟ್ಯಾಚ್ಯೂ ಆಗಿದ್ರೆ?"

ಅತ್ತಿಗೆ ಅಣ್ಣನ ಕಡೆ ತಿರುಗಿದರು.

"ಗುಬ್ಬತ್ತೆ, ಅದು ನನ್ನ ಬೇಡ. ನೀನು ಕದ್ದೆ," ಎಂದಳು ಚಿನಕುರುಳಿ. ಅವಳ ಕಣ್ಣಲ್ಲಿ ನೀರು ತುಂಬಿತು.

ಅಣ್ಣ ಎದ್ದು ನಿಂತ. "ಯಾವತ್ತೂ ಬಾಯಿ ಬಿಡ್ದೇ ಇರೋಳು ಇವತ್ತೇ ಬಿಡ್ಬೇಕಿತ್ತಾ?" ಎಂದ. ದನಿ ಜೋರಿರಲಿಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಹಿತ್ತಲ ಬಾಗಿಲು ದಡ್ಡೆಂದು ಬಡಿದುಕೊಂಡಿತು.

ಅತ್ತಿಗೆ ಕುಣಿಕೆಯನ್ನು ಎತ್ತಿ ನೋಡಿದರು. ಮುಂಗೈ ಹಾಕಿ ನೋಡಿದರು. "ನಾನು ನಿದ್ದೆ ಮಾತು ಯಾಕೆ ಎತ್ತಿದೆ ಅನ್ಕೊಂಡ್ರಿ?" ಎಂದು ಯಾರನ್ನೂ ನೋಡದೆ ಕೇಳಿದರು. "ಅವರಾಗೇ ಹೇಳ್ತಾರೆ ಅನ್ಕೊಂಡೆ. ಮೂರು ವಾರದಿಂದ ಈ ಭಾನುವಾರ ಬರ್ಲಿ ಅಂತ ಕಾದಿದ್ದೆ. ಬಂದಾಗ ಬಾಯಿಗೆ ಬಂದಿದ್ದು ನಿದ್ದೆ."

"ನಾನೂ ನೋಡಿದ್ದೆ ಕಣಮ್ಮ," ಎಂದಳು ಅಮ್ಮ. "ಟೀ ಲೋಟ ಕೈಯಲ್ಲಿ ಹಿಡ್ಕೊಂಡು ಅಂಗಿ ಮೇಲೆ ಸುರ್ಕೋತಿದ್ದ. ನೀನು ಹೇಳ್ತೀಯ ಅಂತ ನಾನು ಫೋನಿನ ಮಾತೆತ್ತಿದೆ."

ಮೂವರೂ ಒಂದೇ ಮನೆಯಲ್ಲಿ, ಒಂದೇ ವಿಷಯವನ್ನು ಒಬ್ಬೊಬ್ಬರೂ ಬೇರೆಬೇರೆಯಾಗಿ ನೋಡಿ, ಭಾನುವಾರಕ್ಕೆಂದು ಎತ್ತಿಟ್ಟುಕೊಂಡು, ಭಾನುವಾರ ಬಂದಾಗ ಮುಂದಿನವರಿಗೆ ದಾಟಿಸಿದ್ದೆವು. ಇನ್ನೊಂದು ಸರದಿ ದಾಟಿದ್ದರೆ ಅದು ಮಗುವಿನ ಕೈಗೆ ಬರುತ್ತಿತ್ತು.

ಅಣ್ಣ ಹಿಂದಕ್ಕೆ ಬರಲು ತುಂಬ ಹೊತ್ತಾಯಿತು. ಶೆಡ್ಡಿನಿಂದ ಸದ್ದೇ ಇರಲಿಲ್ಲ. ಸದ್ದಿಲ್ಲದಿರುವುದೇ ಭಯವಾಗಿ, ಅತ್ತಿಗೆ ಎರಡು ಸಲ ಎದ್ದು ಕಿಟಕಿಯಿಂದ ನೋಡಿ ಬಂದು ಕೂತರು. ಮೂರನೇ ಸಲ ಏಳುವಷ್ಟರಲ್ಲಿ ಅವನೇ ಒಳಗೆ ಬಂದ. ಕೈಯೆಲ್ಲ ಮೇಣ. ಸೀದಾ ಬಂದು ಟೇಪಿನ ದೋಣಿಯ ಹಿಂದಿನ ಬಾಯಿಯ ಎದುರಿಗೆ, ಗೆರೆಯ ಹೊರಗೆ ಕೂತ.

"ಹೇಗಿರುತ್ತೆ ಅದು?" ಎಂದು ಕೇಳಿದ.

ಯಾರಿಗೂ ಅರ್ಥವಾಗಲಿಲ್ಲ.

"ಎಲ್ಲರೂ ನೋಡಿದೀರ. ನಾನೊಬ್ಬನೇ ನೋಡಿಲ್ಲ. ಆಗ ನಾನು ಹೇಗಿರ್ತೀನಿ?"

ಅಮ್ಮ ಸೆರಗು ಬಾಯಿಗೆ ಹಿಡಿದಳು. ಅತ್ತಿಗೆ ತಲೆ ತಗ್ಗಿಸಿದರು. ಅದನ್ನು ಮಾತಿನಲ್ಲಿ ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ. ಆದರೆ ಹೇಗಿರುತ್ತದೆ ಎಂದು ನಾನು ಚೆನ್ನಾಗಿ ನೋಡಿಕೊಂಡಿದ್ದೆ. ಮೂಲೆಯಲ್ಲಿದ್ದ ಪೊರಕೆ ತಂದು ಟೇಪಿನೊಳಗೆ, ಅವನ ಜಾಗದಲ್ಲಿ ಕೂತೆ. ಎಡಕ್ಕೆ ಒಮ್ಮೆ, ಬಲಕ್ಕೆ ಒಮ್ಮೆ ಎಳೆದೆ. ಆಮೇಲೆ ಪೊರಕೆಯನ್ನು ಗಾಳಿಯಲ್ಲೇ ನಿಲ್ಲಿಸಿದೆ. ಕಿಟಕಿಯ ಕಡೆ ನೋಡಿದೆ. ತುಟಿ ಮೆಲ್ಲಗೆ ಆಡಿಸಿದೆ. ನಾಲ್ಕು ಜೋಡಿ ಕಣ್ಣು ನನ್ನ ಮೇಲಿದ್ದವು. ಯಾವುದನ್ನೂ ನೋಡದೆ ಕೂತೆ.

"ಗುಬ್ಬಿ," ಅಣ್ಣ ಕರೆದ. ನಾನು ಅಲುಗಲಿಲ್ಲ. "ಗುಬ್ಬಿ," ಮತ್ತೆ ಕರೆದ. ಬೆರಳು ಸಡಿಲ ಬಿಟ್ಟೆ. ಪೊರಕೆ ಟೇಪಿನ ಮೇಲೆ ಬಿತ್ತು. ಅವನು ಬೆಚ್ಚಿಬಿದ್ದದ್ದು ಕಣ್ಣಂಚಿನಲ್ಲಿ ಕಂಡಿತು. ಇನ್ನೂ ಸ್ವಲ್ಪ ಹೊತ್ತು ಹಾಗೇ ಇದ್ದೆ. ಯಾಕೆಂದರೆ ಅದು ಅಷ್ಟು ಹೊತ್ತು ಇರುತ್ತದೆ.

"ಸಾಕು," ಎಂದ. "ಸಾಕು ಕಣೇ."

ಅವನು ಮೇಣದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ, ಒರೆಸಿದ್ದನ್ನೇ ಮತ್ತೆ ಒರೆಸಿದ. ಅತ್ತಿಗೆ ಅವನ ಪಕ್ಕಕ್ಕೆ ಸರಿದು ಕೂತರು. "ನಾಳೆ ನಾನು ರಜೆ ಹಾಕ್ತೀನಿ. ಇಬ್ರೂ ಹೋಗಿ ತೋರಿಸ್ಕೊಂಡು ಬರೋಣ," ಎಂದರು. ಅವನು ಬಾಗಿ, ದೋಣಿಯ ಮೂತಿಯಲ್ಲಿ ಟೇಪಿನ ತುದಿಯನ್ನು ಉಗುರಿನಿಂದ ಎಬ್ಬಿಸತೊಡಗಿದ.

"ನನ್ನ ಬೇಡ ಹೋಯ್ತು," ಚಿನಕುರುಳಿ ಮೂಗು ಸೊರಗುಟ್ಟಿಸುತ್ತಲೇ ಹೇಳಿದಳು.

"ಹೋಗಿಲ್ಲ. ಮುಂದಿನ ಸಲಕ್ಕೆ ಇಟ್ಕೊಂಡಿರು," ಎಂದ ಅಣ್ಣ. "ಬಾ, ಆ ಕಡೆ ಹಿಡ್ಕೋ."

ಅವಳು ಕಣ್ಣೊರೆಸಿಕೊಂಡು ಹೋಗಿ ಆ ತುದಿ ಹಿಡಿದಳು. ಟೇಪ್ ಸರ್ರೆಂದು ಕಿತ್ತು ಬಂತು. ಅದಿದ್ದ ಜಾಗದಲ್ಲಿ ನೆಲ ಬೇರೆ ಬಣ್ಣಕ್ಕಿತ್ತು. ದೋಣಿಯ ಆಕಾರ ಹಾಗೇ ಕಾಣುತ್ತಿತ್ತು. ಅಮ್ಮ ಅಡುಗೆಮನೆಗೆ ಹೋಗಲು ಎದ್ದಳು. ಟೇಪ್ ಇಲ್ಲದಿದ್ದರೂ ಗೋಡೆ ಸವರಿಕೊಂಡೇ ಹೋದಳು.